ಎರಡೂವರೆ ವರ್ಷದ ಗ್ಯಾಪಿಗೆ ನಾನು ಬರೆದುಕೊಟ್ಟ ಎರಡು ಉತ್ತರ

ಆ ಬ್ಯಾಚಿನ ಮೂರನೇ ವಾರದಲ್ಲಿ ನಾನು ಅಣಕು ಸಂದರ್ಶನ ಇಟ್ಟುಕೊಂಡೆ. ಚಿತ್ರದುರ್ಗದ ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ, ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ತರಬೇತಿ ಕೇಂದ್ರ. ಒಂದು ಮೇಜು, ಈಚೆಗೆ ನಾನು, ಆಚೆಗೆ ಒಂದು ಪ್ಲಾಸ್ಟಿಕ್ ಕುರ್ಚಿ. ಇಪ್ಪತ್ತೆರಡು ಜನ ಒಬ್ಬೊಬ್ಬರಾಗಿ ಬಂದು ಕೂತರು. ನಿಮ್ಮ ದೌರ್ಬಲ್ಯ ಏನು ಎಂದು ಕೇಳಿದೆ. ಹಿಡಿದ ಕೆಲಸ ಪರಿಪೂರ್ಣವಾಗುವ ತನಕ ಬಿಡುವುದಿಲ್ಲ, ಅದೇ ನನ್ನ ದೌರ್ಬಲ್ಯ ಎಂದು ಮೊದಲನೆಯವನು ಹೇಳಿದ. ಎರಡನೆಯವಳೂ ಅದನ್ನೇ ಹೇಳಿದಳು. ಹದಿನಾಲ್ಕನೆಯವನು ಬರುವಷ್ಟರಲ್ಲಿ ನಾನು ಪ್ರಶ್ನೆ ಕೇಳಿ ಕಿಟಕಿಯ ಕಡೆ ನೋಡತೊಡಗಿದ್ದೆ.

ಅವರನ್ನು ಬಯ್ಯುವಂತಿರಲಿಲ್ಲ. ಆ ಉತ್ತರ ಕೊಟ್ಟವಳು ನಾನೇ. ಮುಖ್ಯ ಕಚೇರಿಯಿಂದ ಒಂದು ಹಾಳೆ ಬರುತ್ತಿತ್ತು. ಅದರಲ್ಲಿ ಹತ್ತು ಪ್ರಶ್ನೆ, ಹತ್ತು ಮಾದರಿ ಉತ್ತರ. ನಿಮ್ಮ ಬಗ್ಗೆ ಹೇಳಿ, ನಮ್ಮ ಕಂಪನಿಯೇ ಯಾಕೆ ಬೇಕು, ಐದು ವರ್ಷದ ನಂತರ ಎಲ್ಲಿರುತ್ತೀರಿ, ಇಂಥವು. ನಾನು ಅದನ್ನು ಜೆರಾಕ್ಸ್ ಮಾಡಿಸಿ ಹಂಚಿ, ಸಾಲುಸಾಲಾಗಿ ಓದಿಸಿ, ಬಾಯಿಪಾಠ ಒಪ್ಪಿಸಿಕೊಂಡಿದ್ದೆ. ಅವರು ಚೆನ್ನಾಗಿಯೇ ಒಪ್ಪಿಸಿದ್ದರು.

ಐಟಿಐ, ಡಿಪ್ಲೊಮಾ ಮುಗಿಸಿ ಕೆಲಸ ಸಿಗದೆ ಉಳಿದವರಿಗೆ ಎರಡು ತಿಂಗಳಲ್ಲಿ ಸಂದರ್ಶನ ಎದುರಿಸುವುದನ್ನು ಹೇಳಿಕೊಡುವುದು ನನ್ನ ಕೆಲಸ. ಬ್ಯಾಚಿನಲ್ಲಿ ಕನಿಷ್ಠ ಹದಿನಾರು ಜನ ಕೆಲಸಕ್ಕೆ ಸೇರಿದರೆ ನನ್ನ ಕರಾರು ಇನ್ನೊಂದು ವರ್ಷಕ್ಕೆ ಮುಂದುವರಿಯುತ್ತದೆ. ಹಿಂದಿನ ಬ್ಯಾಚು ಹನ್ನೊಂದಕ್ಕೇ ನಿಂತುಹೋಗಿತ್ತು. ಈ ಸಲವೂ ಹಾಗಾದರೆ ಹೊಳಲ್ಕೆರೆಯಿಂದ ದಿನಾ ಬಸ್ಸು ಹಿಡಿದು ಬರುವ ತಾಪತ್ರಯ ನಿಮಗೆ ಇರುವುದಿಲ್ಲ ಎಂದು ಕೇಂದ್ರದ ಮುಖ್ಯಸ್ಥರು ನಗುತ್ತಲೇ ಹೇಳಿದ್ದರು. ಅವರ ಕೋಣೆಗೂ ತರಗತಿಗೂ ನಡುವೆ ಇದ್ದದ್ದು ಒಂದು ಪ್ಲೈವುಡ್ ಹಲಗೆ ಅಷ್ಟೆ.

ಕೊನೆಗೆ ಬಂದು ಕೂತವನು ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಕಡೆಯವನು. ನಮ್ಮಲ್ಲಿ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದ ಕರೆಯುವ ರೂಢಿ. ಹಾಗಾಗಿ ಅವನು ಎಲ್ಲರಿಗೂ ಮಾಡದಕೆರೆ. ಇಪ್ಪತ್ತಾರು ವರ್ಷ, ತೆಳ್ಳನೆ ಆಳು, ಎಲೆಕ್ಟ್ರಿಷಿಯನ್ ಐಟಿಐ. ಅಂಕಪಟ್ಟಿ ನೋಡಿದರೆ ಆ ಬ್ಯಾಚಿನಲ್ಲೇ ಅವನದು ಮೇಲು. ದೌರ್ಬಲ್ಯ ಕೇಳಿದೆ. ಹಾಳೆಯಲ್ಲಿದ್ದದ್ದನ್ನು ಅವನು ಹೇಳಲಿಲ್ಲ. ತನಗೆ ಇಂಗ್ಲಿಷ್ ಮಾತಾಡಲು ಬರುವುದಿಲ್ಲ, ಮೀಟರಿನ ಮೇಲೆ ಬರೆದದ್ದನ್ನು ಓದಬಲ್ಲೆ ಎಂದ. ಐಟಿಐ ಮುಗಿದ ಮೇಲೆ ಎರಡೂವರೆ ವರ್ಷ ಗ್ಯಾಪ್ ಯಾಕೆ ಎಂದು ಕೇಳಿದೆ.

"ಕುರಿ ಹಿಂದೆ ಹೋಗಿದ್ದೆ ಮೇಡಂ."

ಹಿಂದೆ ಕೂತವರು ನಕ್ಕರು. ಅವನೂ ಸ್ವಲ್ಪ ನಕ್ಕ. ಅವರದು ಕುರಿ ಸಾಕುವ ಮನೆತನ. ಮಂದೆ ಹೊಡೆದುಕೊಂಡು ಹೋಗುತ್ತಿದ್ದ ಅಣ್ಣ ಬೈಕಿನಿಂದ ಬಿದ್ದು ಸೊಂಟ ಮುರಿದುಕೊಂಡಿದ್ದ; ಅಪ್ಪನಿಗೆ ಅಷ್ಟು ದೂರ ನಡೆಯಲು ಆಗುತ್ತಿರಲಿಲ್ಲ. ಪ್ರಮಾಣಪತ್ರ ಕೈಗೆ ಬಂದ ತಿಂಗಳಲ್ಲೇ ಇವನು ಹೊರಟಿದ್ದ. ಅಣ್ಣ ಎದ್ದು ಓಡಾಡುವ ಹಾಗಾದ ಮೇಲೆ ನಮ್ಮಲ್ಲಿಗೆ ಬಂದಿದ್ದ.

ಇದನ್ನು ಹೀಗೇ ಹೇಳಿದರೆ ಕೆಲಸ ಕೆಡುತ್ತದೆ ಎಂದು ನನಗನ್ನಿಸಿತು. ಅಂದು ಸಂಜೆ ಅವನೊಬ್ಬನನ್ನೇ ಕೂರಿಸಿಕೊಂಡು ಹೊಸ ಉತ್ತರ ಬರೆದುಕೊಟ್ಟೆ: "ಐಟಿಐ ನಂತರ ಎರಡೂವರೆ ವರ್ಷ ಪಶುಸಂಗೋಪನಾ ಘಟಕವೊಂದರಲ್ಲಿ ಕ್ಷೇತ್ರ ಮೇಲ್ವಿಚಾರಕನಾಗಿ ಕಾರ್ಯನಿರ್ವಹಿಸಿದ್ದೇನೆ. ಅಲ್ಲಿ ತಂಡ ನಿರ್ವಹಣೆ ಮತ್ತು ಸಮಯಪಾಲನೆಯನ್ನು ಕಲಿತೆ." ಅವನು ಎರಡು ಸಲ ಓದಿದ.

"ಇದು ಸುಳ್ಳಾಗಲ್ವಾ ಮೇಡಂ?"

"ಸುಳ್ಳೇನ್ ಐತಪ್ಪ ಇದ್ರಾಗೆ? ಕುರಿ ಪಶು ಅಲ್ವಾ? ನೀನು ನೋಡ್ಕಂಡಿಲ್ವಾ?"

ಅವನು ಹಾಳೆ ಮಡಚಿ ಜೇಬಿಗಿಟ್ಟುಕೊಂಡ. ಆಮೇಲಿನ ಒಂದು ವಾರ ಅದನ್ನೇ ಅರೆದೆವು. ನಿಮ್ಮ ಬಗ್ಗೆ ಹೇಳಿ ಎಂದರೆ ತೊಂಬತ್ತು ಸೆಕೆಂಡಿನಲ್ಲಿ ಮುಗಿಯಬೇಕು. ಊರು, ಓದು, ಅನುಭವ, ಈ ಕೆಲಸಕ್ಕೆ ಯಾಕೆ ತಕ್ಕವನು, ಇದೇ ಕ್ರಮ. ನನ್ನ ಮೊಬೈಲಿನಲ್ಲಿ ವಿಡಿಯೊ ತೆಗೆದು ಅವನಿಗೇ ತೋರಿಸುತ್ತಿದ್ದೆ. ಮೇಲ್ವಿಚಾರಕ ಎನ್ನುವ ಮಾತು ಬಂದಾಗಲೆಲ್ಲ ಅವನ ಕಣ್ಣು ಮೇಜಿಗೆ ಇಳಿಯುತ್ತಿತ್ತು. ಕಣ್ಣೆತ್ತಿ ಹೇಳು ಎಂದು ಹದಿನಾರು ಸಲ ಹೇಳಿಸಿದೆ. ಹದಿನೇಳನೇ ಸಲ ಕಣ್ಣು ಎತ್ತಿಯೇ ಹೇಳಿದ. ನಾನು ಶಭಾಷ್ ಅಂದೆ. ಈಗ ಆ ವಿಡಿಯೊ ನೋಡಿದರೆ ಶಭಾಷ್ ಎನ್ನುವ ನನ್ನ ದನಿಯೇ ಕಿವಿಗೆ ಹಿಂಸೆ.

ಮೊದಲ ಸಂದರ್ಶನ ಹಿರಿಯೂರು ಹತ್ತಿರದ ಒಂದು ಕಾರ್ಖಾನೆಯಲ್ಲಿ, ಸಹಾಯಕ ಎಲೆಕ್ಟ್ರಿಷಿಯನ್ ಹುದ್ದೆಗೆ. ಆರು ಜನರನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ನನ್ನನ್ನು ಒಳಗೆ ಬಿಡಲಿಲ್ಲ. ಗೇಟಿನ ಪಕ್ಕದ ಶೆಡ್ಡಿನಲ್ಲಿ ಕೂತಿದ್ದೆ. ಮಾಡದಕೆರೆ ಒಳಗೆ ಹೋದವನು ಐದು ನಿಮಿಷಕ್ಕೆ ಹೊರಗೆ ಬಂದ. ಏನಾಯಿತು ಎಂದು ಕೇಳಿದರೆ ನೀರು ಕುಡಿದು ಬರುತ್ತೇನೆ ಎಂದು ಹೋದವನು, ಎಲ್ಲರೂ ಮುಗಿಸುವ ತನಕ ನಲ್ಲಿಯ ಹತ್ತಿರವೇ ನಿಂತಿದ್ದ.

ನಡೆದದ್ದನ್ನು ಹೇಳಿದವನು ಹರಿಯಬ್ಬೆಯ ಹುಡುಗ. ಅವನ ಸರದಿ ಮುಂದಿನದಾಗಿದ್ದರಿಂದ ಬಾಗಿಲ ಬಳಿಯೇ ಕೂತಿದ್ದನಂತೆ. ಯಾವ ಘಟಕ ಎಂದು ಕೇಳಿದರಂತೆ. ಮಾಲೀಕರು ಯಾರು, ಅನುಭವದ ಪತ್ರ ಎಲ್ಲಿ ಎಂದರಂತೆ. ನಾನು ಇದಕ್ಕೆ ಉತ್ತರ ಬರೆದುಕೊಟ್ಟಿರಲಿಲ್ಲ. ಕೊನೆಗೆ ಅವನು, "ನಮ್ಮವೇ ಸಾರ್, ಕುರಿ" ಎಂದನಂತೆ. ಒಳಗಿದ್ದ ಮೂವರೂ ಜೋರಾಗಿ ನಕ್ಕರಂತೆ. ಒಬ್ಬರು ಅವನ ಅರ್ಜಿಯ ಮೇಲೆ ಏನೋ ಬರೆದು ಪಕ್ಕಕ್ಕಿಟ್ಟರಂತೆ. ಆಮೇಲೆ ನಾನು ಅರ್ಜಿಗಳನ್ನು ವಾಪಸು ಪಡೆಯಲು ಹೋದಾಗ ನೋಡಿದೆ. ಕೆಂಪು ಶಾಯಿಯಲ್ಲಿ 'ಸುಳ್ಳು ಅನುಭವ' ಎಂದು ಬರೆದಿತ್ತು.

ವಾಪಸು ಬರುವಾಗ ಅವನು ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತ. ಹಾಳೆಯನ್ನು ಯಥಾವತ್ತಾಗಿ ಒಪ್ಪಿಸಿದ್ದ ಇಬ್ಬರು ಆಯ್ಕೆಯಾಗಿದ್ದರು. ಮುಖ್ಯಸ್ಥರು ಸಂತೋಷಪಟ್ಟರು. ಮಾರನೇ ದಿನದಿಂದ ಮಾಡದಕೆರೆ ತರಗತಿಗೆ ಬರಲಿಲ್ಲ.

ನಾಲ್ಕು ದಿನ ಕಾದು ಫೋನ್ ಮಾಡಿದೆ. ಅವನ ಅತ್ತಿಗೆ ಎತ್ತಿಕೊಂಡರು. ಕುರಿ ಹತ್ತಿರ ಹೋಗಿದ್ದಾನೆ, ಫೋನ್ ಮನೆಯಲ್ಲೇ ಬಿಟ್ಟಿದ್ದಾನೆ ಎಂದರು. ಆ ಭಾನುವಾರ ನಾನು ಹೊಸದುರ್ಗಕ್ಕೆ ಹೋಗಿ, ಅಲ್ಲಿಂದ ಮಾಡದಕೆರೆಯ ಬಸ್ಸು ಹಿಡಿದೆ. ಅವನ ಬಗ್ಗೆ ಕಾಳಜಿ ಇರಲಿಲ್ಲ ಎನ್ನಲಾರೆ. ಆದರೆ ಬಸ್ಸಿನಲ್ಲಿ ಕೂತು ನಾನು ಎಣಿಸುತ್ತಿದ್ದದ್ದು ಇನ್ನೂ ಎಷ್ಟು ಜನ ಬೇಕು ಎನ್ನುವುದನ್ನೇ.

ರಾಗಿ ಕೊಯ್ದ ಹೊಲವೊಂದರಲ್ಲಿ ಅವರ ಮಂದೆ ಇತ್ತು. ಗೂಟ ನೆಟ್ಟು ಸುತ್ತ ಕಟ್ಟಿದ ಬಲೆಯೊಳಗೆ ಮರಿಗಳು, ಹೊರಗೆ ದೊಡ್ಡ ಕುರಿಗಳು. ನನ್ನನ್ನು ನೋಡಿ ಅವನಿಗೆ ಆಶ್ಚರ್ಯವಾದರೂ ತೋರಿಸಲಿಲ್ಲ. "ಬರ್ರಿ ಮೇಡಂ, ಕುಂತ್ಕಳ್ರಿ" ಎಂದು ಕಂಬಳಿ ಹಾಸಿದ. ಅವನ ಅಪ್ಪ ದೂರದಿಂದಲೇ ಕೈ ಮುಗಿದು ಹಾಲು ಕಾಯಿಸಲು ಹೋದರು. ನಾನು ಬರೆದುಕೊಟ್ಟದ್ದು ತಪ್ಪಾಯಿತು ಎಂದು ಹೇಳಬೇಕೆಂದುಕೊಂಡು ಬಂದಿದ್ದೆ. ಬಾಯಲ್ಲಿ ಬಂದದ್ದು ಮಾತ್ರ, ನೀನು ಸ್ವಲ್ಪ ಧೈರ್ಯ ಮಾಡಬೇಕಿತ್ತು ಎಂದು.

ಅವನು ಬಲೆಯ ಸಡಿಲಾದ ಗೂಟವೊಂದನ್ನು ಒತ್ತಿ ನಿಲ್ಲಿಸಿದ.

"ಆ ಮಾತು ನಂದಲ್ಲ ಮೇಡಂ. ನಂದಲ್ಲದ್ದರ ಮೇಲೆ ಪ್ರಶ್ನೆ ಕೇಳಿದ್ರೆ ನಾನೇನ್ ಹೇಳ್ಲಿ?"

ಮಾತು ಬೇರೆ ಕಡೆಗೆ ತಿರುಗಿಸಲು, ಕೆಲವು ಕುರಿಗಳ ಬೆನ್ನ ಮೇಲೆ ಮಾಸಿದ ಬಣ್ಣದ ಗುರುತು ಇದ್ದದ್ದನ್ನು ತೋರಿಸಿ ಅದೇನು ಎಂದು ಕೇಳಿದೆ. ಅವನು ಹೇಳತೊಡಗಿದ. ಹಿಂದಿನ ಮಳೆಗಾಲದಲ್ಲಿ ಮಂದೆಗೆ ನೀಲಿ ನಾಲಿಗೆ ರೋಗ ಬಂದಿತ್ತು. ಆಗ ಅವರು ಊರಿಂದ ಮೂರು ದಿನದ ನಡಿಗೆಯ ದೂರದಲ್ಲಿದ್ದರು. ಕುರಿಯ ತುಟಿ ಊದಿಕೊಳ್ಳುತ್ತದೆ, ಬಾಯಿ ಹುಣ್ಣಾಗುತ್ತದೆ, ಕಾಲು ಕುಂಟುತ್ತದೆ, ಮೇವು ಬಿಡುತ್ತದೆ. ಇವನು ಮೊದಲು ಮಾಡಿದ್ದು, ಕುಂಟುವವನ್ನೆಲ್ಲ ಆರಿಸಿ ಬೇರೆ ಬಲೆಯೊಳಗೆ ಹಾಕಿದ್ದು. ಪಶುವೈದ್ಯರಿಗೆ ಫೋನ್ ಮಾಡಿ, ಬಾಯಿಯ ಫೋಟೊ ತೆಗೆದು ವಾಟ್ಸಾಪ್‌ನಲ್ಲಿ ಕಳಿಸಿದ. ಅವರು ಹೇಳಿದ ಔಷಧಿ ತರಿಸಿದ. ಯಾವುದಕ್ಕೆ ಯಾವ ದಿನ ಸೂಜಿ ಹಾಕಿದೆ ಎನ್ನುವುದು ಮರೆಯದ ಹಾಗೆ ಮೊದಲ ದಿನದವಕ್ಕೆ ಕೆಂಪು, ಎರಡನೇ ದಿನದವಕ್ಕೆ ಹಸಿರು, ಮೂರನೇ ದಿನದವಕ್ಕೆ ನೀಲಿ ಬಣ್ಣ ಹಚ್ಚಿದ. ಮೇವು ತಿನ್ನಲಾಗದವಕ್ಕೆ ರಾಗಿ ಗಂಜಿ ಕುಡಿಸಿದ. ನೂರ ಎಂಬತ್ತು ಕುರಿಯಲ್ಲಿ ಹನ್ನೊಂದು ಸತ್ತವು. ಪಕ್ಕದ ಮಂದೆಗಳಲ್ಲಿ ಅದಕ್ಕಿಂತ ಬಹಳ ಹೋದವು.

"ಲೈನಿನಾಗೆ ಫಾಲ್ಟ್ ಹುಡುಕ್ತೀವಲ್ಲ, ಹಂಗೇಯ. ಕೆಟ್ಟಿದ್ದನ್ನ ಮೊದ್ಲು ಬೇರೆ ಮಾಡ್ಬೇಕು. ಇಲ್ಲಾಂದ್ರೆ ಒಳ್ಳೇದೂ ಕೆಡ್ತತೆ."

ಇನ್ನೊಂದನ್ನೂ ಆಗಲೇ ನೋಡಿದೆ. ಕಂಬಳಿಯ ಪಕ್ಕದಲ್ಲಿ ಒಂದು ಸಣ್ಣ ಸೋಲಾರ್ ಹಲಗೆ, ಅದಕ್ಕೊಂದು ಹಳೆಯ ಬೈಕಿನ ಬ್ಯಾಟರಿ, ಮರದ ಪೆಟ್ಟಿಗೆಯಲ್ಲಿ ಫ್ಯೂಸು, ನಾಲ್ಕು ಚಾರ್ಜಿಂಗ್ ಪಿನ್ನು. ಇವನೇ ಜೋಡಿಸಿದ್ದು. ಮಂದೆಯ ಜೊತೆ ಹೋಗುವ ನಾಲ್ಕು ಮನೆಯವರ ಫೋನು, ಟಾರ್ಚು ಎಲ್ಲ ಅದರಲ್ಲೇ ಚಾರ್ಜ್ ಆಗುತ್ತಿದ್ದವಂತೆ. ಎರಡೂವರೆ ವರ್ಷದಲ್ಲಿ ಎರಡು ಸಲ ಮಾತ್ರ ಫ್ಯೂಸು ಸುಟ್ಟಿತ್ತಂತೆ. ನಾಲ್ಕು ವಾರ ನನ್ನೆದುರು ಕೂತವನು ಇದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ಕೇಳಲಿಲ್ಲ ಎಂದ. ನಿಜ. ನನ್ನ ಹಾಳೆಯಲ್ಲಿ ಅದಕ್ಕೆ ಜಾಗವಿರಲಿಲ್ಲ.

ಹಾಲು ಕುಡಿದು, ನೋಟ್‌ಬುಕ್ ತೆಗೆದು, ಅವನು ಹೇಳಿದ್ದನ್ನೆಲ್ಲ ಅವನ ಮಾತಿನಲ್ಲೇ ಬರೆದುಕೊಂಡೆ. ಸೋಮವಾರ ಬಾ, ಈ ಸಲ ನಿನ್ನದನ್ನೇ ಹೇಳೋಣ ಎಂದೆ. ಅವನು ಅಪ್ಪನ ಕಡೆ ನೋಡಿದ. ಅವರು, "ಹೋಗಪ್ಪ, ಅಷ್ಟು ದೂರದಿಂದ ಬಂದವ್ರೆ" ಎಂದರು.

ಸೋಮವಾರ ಬೆಳಗ್ಗೆ ನಾನು ಎಲ್ಲರ ಕೈಯಿಂದಲೂ ಹಾಳೆ ವಾಪಸು ಪಡೆದೆ. ಮುಖ್ಯಸ್ಥರು ಆಕ್ಷೇಪಿಸಿದರು. ಇದ್ದ ಮೂರು ವಾರದಲ್ಲಿ ಹೊಸದನ್ನು ಕಲಿಸಿದರೆ ಅದೂ ಇಲ್ಲ ಇದೂ ಇಲ್ಲ ಎಂದಾಗುತ್ತದೆ ಎಂದರು. ನನ್ನ ಜವಾಬ್ದಾರಿ ಎಂದೆ. ಹಾಗಾದರೆ ಹದಿನಾರು ಆಗಲಿಲ್ಲವೆಂದರೆ ಅದೂ ನಿಮ್ಮದೇ ಎಂದು ಗಟ್ಟಿಯಾಗಿಯೇ ಹೇಳಿದರು.

ಹೊಸ ಕ್ರಮ ಹೀಗಿತ್ತು. ಪ್ರತಿಯೊಬ್ಬರೂ ತಾವು ನಿಜವಾಗಿ ಮಾಡಿದ ಮೂರು ಕೆಲಸ ಬರೆಯಬೇಕು. ಸಂಬಳ ಬಂದಿರಲಿ ಬಿಡಲಿ. ಒಂದೊಂದಕ್ಕೂ ನಾಲ್ಕೇ ಸಾಲು: ಆಗ ಪರಿಸ್ಥಿತಿ ಏನಿತ್ತು, ಅದರಲ್ಲಿ ನನ್ನ ಪಾಲು ಯಾವುದು, ನಾನು ಏನು ಮಾಡಿದೆ, ಕೊನೆಗೆ ಏನಾಯಿತು. ನಾವು ಎಂದು ಬರೆದಿದ್ದರೆ ಯಾರು ಎಂದು ಕೇಳಿ ತಿದ್ದಿಸುತ್ತಿದ್ದೆ. ಬಹಳ, ತುಂಬಾ ಎಂದಿದ್ದರೆ ಎಷ್ಟು ಎಂದು ಕೇಳುತ್ತಿದ್ದೆ. ದೌರ್ಬಲ್ಯಕ್ಕೆ ನಿಜವಾದ, ಆದರೆ ಕೆಲಸಕ್ಕೆ ಕುತ್ತು ತರದ ಒಂದನ್ನು ಹೇಳಿ, ಅದನ್ನು ಸರಿಪಡಿಸಿಕೊಳ್ಳಲು ಈಗ ಏನು ಮಾಡುತ್ತಿದ್ದೇನೆ ಎನ್ನುವುದನ್ನೂ ಸೇರಿಸಬೇಕು. ಹೇಳಿದ ಪ್ರತಿ ಮಾತಿನ ಮೇಲೆ ಮೂರು ಮರುಪ್ರಶ್ನೆ ಬರುತ್ತದೆ ಎಂದುಕೊಂಡೇ ತಯಾರಾಗಬೇಕು. ಮೂರಕ್ಕೂ ಉತ್ತರವಿಲ್ಲದ ಮಾತನ್ನು ಹೊಡೆದುಹಾಕುವುದು. ಇದು ಹಿರಿಯೂರಿನಲ್ಲಿ ಕಲಿತ ಪಾಠ.

ಎಲ್ಲರಿಗೂ ಇದು ಒಗ್ಗಲಿಲ್ಲ. ಹರಿಯಬ್ಬೆಯ ಹುಡುಗ ತನಗೆ ಬರೆಯುವಂಥದ್ದು ಏನೂ ಇಲ್ಲ, ಹಾಳೆಯೇ ವಾಸಿ ಎಂದು ಅದನ್ನು ಮತ್ತೆ ಇಸಿದುಕೊಂಡ. ಮಾಡದಕೆರೆಗೆ ಮಾತ್ರ ಒಂದೇ ವಾರ ಸಾಕಾಯಿತು. ವಿಡಿಯೊದಲ್ಲಿ ಅವನು ನೇರ ಕ್ಯಾಮೆರಾ ನೋಡುತ್ತಿದ್ದ. ಗ್ಯಾಪಿನ ಪ್ರಶ್ನೆಗೆ ನಾನು ಬರೆದುಕೊಟ್ಟ ಎರಡನೇ ಉತ್ತರ ಅವನದೇ ಮಾತು. ನಾನು ಕ್ರಮ ಮಾತ್ರ ಜೋಡಿಸಿದ್ದೆ. ಅದರ ಕೊನೆಗೆ ಒಂದು ಸಾಲು ನಾನಾಗಿಯೇ ಸೇರಿಸಿದೆ. ರೋಗಕ್ಕೆ ಹೋದವು ಬಿಟ್ಟರೆ ಕಳ್ಳರಿಗೆ, ತೋಳಕ್ಕೆ ಎಷ್ಟು ಹೋದವು ಎಂದು ಕೇಳಿದಾಗ ಒಂದೂ ಇಲ್ಲ ಎಂದಿದ್ದ. ಎಂಥ ಗಟ್ಟಿ ಮಾತು, ಇದನ್ನು ಕೊನೆಗೆ ಇಡು, ಜವಾಬ್ದಾರಿ ಗೊತ್ತಾಗುತ್ತದೆ ಎಂದೆ. ಅದಕ್ಕೂ ಮೂರು ಮರುಪ್ರಶ್ನೆ ಹಾಕಿ ನೋಡಿದೆ. ಎಲ್ಲದಕ್ಕೂ ಉತ್ತರವಿತ್ತು.

ಎರಡನೇ ಸಂದರ್ಶನ ಗಾಳಿಯಂತ್ರಗಳ ನಿರ್ವಹಣೆ ವಹಿಸಿಕೊಂಡ ಒಂದು ಸಂಸ್ಥೆಯದು. ಜೋಗಿಮಟ್ಟಿಯಿಂದಾಚೆಯ ಗುಡ್ಡಗಳ ಮೇಲೆ ಕೆಲಸ, ಸಂದರ್ಶನ ಊರೊಳಗಿನ ಕಚೇರಿಯಲ್ಲಿ. ಐದು ಟೆಕ್ನಿಷಿಯನ್ ಹುದ್ದೆ. ಆ ಹೊತ್ತಿಗೆ ನಮ್ಮ ಬ್ಯಾಚಿನಲ್ಲಿ ಬೇರೆಬೇರೆ ಕಡೆ ಹನ್ನೊಂದು ಜನಕ್ಕೆ ಕೆಲಸವಾಗಿತ್ತು. ಐದೂ ಹುದ್ದೆ ನಮಗೇ ಬಂದರೆ ಹದಿನಾರು. ನನಗೆ ಮೂಲೆಯಲ್ಲಿ ಒಂದು ಕುರ್ಚಿ ಕೊಟ್ಟು, ಮಧ್ಯೆ ಮಾತಾಡಬಾರದು ಎಂಬ ಷರತ್ತಿನ ಮೇಲೆ ಒಳಗೆ ಕೂರಿಸಿದರು. ಸಂದರ್ಶಕರು ಇಬ್ಬರು. ಒಬ್ಬರು ಸೈಟ್ ಇಂಜಿನಿಯರ್, ಇನ್ನೊಬ್ಬರು ಆಡಳಿತ ವ್ಯವಸ್ಥಾಪಕರು.

ಮಾಡದಕೆರೆ ಇಸ್ತ್ರಿ ಮಾಡಿದ ತಿಳಿನೀಲಿ ಅಂಗಿ ಹಾಕಿಕೊಂಡು ಬಂದು ನಮಸ್ಕಾರ ಮಾಡಿ ಕೂತ. ಇಂಜಿನಿಯರ್ ಮೊದಲು ಕೆಲಸದ ಪ್ರಶ್ನೆ ಕೇಳಿದರು. ಲೈನಿನ ಮೇಲೆ ಕೈಯಿಡುವ ಮುಂಚೆ ಏನೇನು ಮಾಡುತ್ತೀಯ ಎಂದರು. ಸಪ್ಲೈ ಆಫ್ ಮಾಡಿ, ಬೀಗ ಹಾಕಿ, ಬೋರ್ಡು ತಗುಲಿಸಿ, ಟೆಸ್ಟರ್ ಹಿಡಿದು ನೋಡಿ, ಅರ್ತ್ ಮಾಡಿ, ಆಮೇಲೆ ಕೈಯಿಡುತ್ತೇನೆ ಎಂದ. ಬೀಗದ ಕೈ ಯಾರ ಹತ್ತಿರ ಇರಬೇಕು ಎಂದರು. ಕೆಲಸ ಮಾಡುವವನ ಜೇಬಿನಲ್ಲೇ ಎಂದ. ಇಂಜಿನಿಯರ್ ತಲೆಯಾಡಿಸಿ ಏನೋ ಬರೆದುಕೊಂಡರು. ಮೆಗ್ಗರ್ ಎಂಬ ಮೀಟರು ಹಿಡಿದು ಮೋಟರಿನ ತಂತಿಸುತ್ತು ಪರೀಕ್ಷಿಸುವುದನ್ನು ಕೇಳಿದರು, ಅದನ್ನೂ ಹೇಳಿದ.

ಆಮೇಲೆ ವ್ಯವಸ್ಥಾಪಕರು ಗ್ಯಾಪ್ ಯಾಕೆ ಎಂದು ಕೇಳಿದರು. ಅವನು ಕುರಿ ಎಂದೇ ಶುರು ಮಾಡಿದ. ಯಾರೂ ನಗಲಿಲ್ಲ. ಅಣ್ಣ ಬಿದ್ದದ್ದು, ಮಳೆಗಾಲ, ಕುಂಟುವ ಕುರಿ, ಬೇರೆ ಬಲೆ, ಮೂರು ಬಣ್ಣ, ಸೋಲಾರ್ ಪೆಟ್ಟಿಗೆ, ಎಲ್ಲವನ್ನೂ ಅಳತೆ ತಪ್ಪದೆ ಹೇಳಿದ. ಕೊನೆಯ ಸಾಲನ್ನೂ ಹೇಳಿದ. ವ್ಯವಸ್ಥಾಪಕರು ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಹೊರಗೇ ಮಲಗ್ತಿದ್ದಾ?"

"ಹೌದು ಸಾರ್. ಮಂದೆ ಪಕ್ಕದಾಗೇ."

"ಚಿರತೆ ಗಿರತೆ ಬಂದ್ರೆ?"

"ನಾಯಿ ಮೊದ್ಲು ಹೇಳ್ತವೆ ಸಾರ್. ಎದ್ದು ಬೆಳಕು ಬಿಟ್ರೆ ಹೋಗ್ತವೆ."

ಚಳಿ, ಒಂಟಿತನ, ರಜೆ, ಹಬ್ಬಕ್ಕೆ ಊರಿಗೆ ಹೋಗದೆ ಇರುವುದು, ಹೀಗೆ ಪ್ರಶ್ನೆ ಮುಂದುವರಿಯಿತು. ಹೆಚ್ಚು ಪ್ರಶ್ನೆ ಕೇಳಿದಷ್ಟೂ ಆಸಕ್ತಿ ಹೆಚ್ಚು ಎಂದು ನಾನೇ ತರಗತಿಯಲ್ಲಿ ಹೇಳುತ್ತಿದ್ದೆ. ಮೂಲೆಯಲ್ಲಿದ್ದ ನಾನು ಖುಷಿಯಿಂದ ಕುರ್ಚಿಯ ತುದಿಗೆ ಸರಿದು ಕೂತೆ. ಕೊನೆಗೆ ನಮ್ಮನ್ನೇನಾದರೂ ಕೇಳಬೇಕೇ ಎಂದಾಗ ಅವನು, ಗಾಳಿಯಂತ್ರ ಹತ್ತುವ ತರಬೇತಿಯನ್ನು ಯಾರು ಕೊಡುತ್ತಾರೆ ಎಂದು ಕೇಳಿದ. ನಾವೇ ಕೊಡುತ್ತೇವೆ ಎಂದರು ಇಂಜಿನಿಯರ್.

ಸಂಜೆ ನಾಲ್ಕಕ್ಕೆ ಪಟ್ಟಿ ಹಚ್ಚಿದರು. ಟೆಕ್ನಿಷಿಯನ್ ಎಂಬ ತಲೆಬರಹದ ಕೆಳಗೆ ಐದು ಹೆಸರು. ನಾಲ್ಕು ನಮ್ಮವರು, ಅದರಲ್ಲಿ ಹರಿಯಬ್ಬೆಯ ಹುಡುಗನೂ ಇದ್ದ. ಐದನೆಯವನು ಬೇರೆ ಕಡೆಯಿಂದ ಬಂದವನು. ಮಾಡದಕೆರೆಯ ಹೆಸರು ಅದರ ಕೆಳಗೆ ಇನ್ನೊಂದು ತಲೆಬರಹದಡಿ ಒಂಟಿಯಾಗಿತ್ತು: ಯಾರ್ಡ್ ಕಾವಲು.

ನಾನು ಒಳಗೆ ಹೋಗಿ ವ್ಯವಸ್ಥಾಪಕರನ್ನು ಕೇಳಿದೆ. ಅವರು ಮರ್ಯಾದೆಯಿಂದಲೇ ಕೂರಿಸಿ ಹೇಳಿದರು. ಗುಡ್ಡದ ಮೇಲೆ ಸಾಮಾನು ಇಡುವ ಯಾರ್ಡಿನಲ್ಲಿ ಕೇಬಲ್ಲು ಕಳುವಾಗುತ್ತಿದೆ, ಬಂದ ಕಾವಲುಗಾರರು ಹದಿನೈದು ದಿನಕ್ಕೆ ಓಡಿಹೋಗುತ್ತಿದ್ದಾರೆ ಎಂದರು. ಅವನು ಎಲೆಕ್ಟ್ರಿಷಿಯನ್, ನಿಮ್ಮ ಇಂಜಿನಿಯರ್ ಪ್ರಶ್ನೆಗೆಲ್ಲ ಸರಿಯಾಗಿ ಹೇಳಿದ್ದಾನೆ ಎಂದೆ.

"ಎಲೆಕ್ಟ್ರಿಷಿಯನ್ನು ಬೇಕಾದಷ್ಟು ಸಿಗ್ತಾರೆ ಮೇಡಂ. ಎರಡೂವರೆ ವರ್ಷ ಒಂದೇ ಒಂದು ಕುರಿ ಕಳ್ಳರಿಗೆ ಬಿಟ್ಟಿಲ್ಲ ಅಂದ್ನಲ್ಲ, ಅಂಥವ್ರು ಸಿಗಲ್ಲ. ಅವ್ರ ರಕ್ತದಾಗೇ ಐತೆ ಅದು. ನೀವೇ ಒಳ್ಳೇ ತಯಾರಿ ಮಾಡಿಸಿದ್ರಿ."

ಹೊರಗೆ ಬಂದಾಗ ಇಂಜಿನಿಯರ್ ಸಿಕ್ಕಿದರು. ನಾನೇನೂ ಮಾಡುವ ಹಾಗಿಲ್ಲ, ಕೊನೆಯ ಮಾತು ಅವರದು ಎಂದು ಬೇರೆ ಕಡೆ ನೋಡುತ್ತಾ ಹೋದರು.

ಮುಖ್ಯಸ್ಥರಿಗೆ ಫೋನ್ ಮಾಡಿದೆ. ಅವರಿಗೆ ನನ್ನ ದುಃಖ ಅರ್ಥವಾಗಲಿಲ್ಲ. ಹನ್ನೊಂದು, ನಾಲ್ಕು, ಇವನೊಬ್ಬ, ಹದಿನಾರಾಯಿತಲ್ಲ ಎಂದರು. ಕಾವಲು ಕೆಲಸ ಲೆಕ್ಕಕ್ಕೆ ಬರುತ್ತದೆಯೇ ಎಂದು ಕೇಳಿದೆ. ಮೂರು ತಿಂಗಳು ಇದ್ದರೆ ಬರುತ್ತದೆ, ಯಾವ ಕೆಲಸ ಎಂದು ಯಾರೂ ನೋಡುವುದಿಲ್ಲ, ಮೊದಲು ಅವನನ್ನು ಒಪ್ಪಿಸಿ ಎಂದರು.

ಮಾಡದಕೆರೆ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದ. ಉಳಿದ ನಾಲ್ವರು ಟೀ ಕುಡಿಯಲು ಹೋಗಿದ್ದರು. ಅವನನ್ನೂ ಕರೆದಿದ್ದರು, ಹೋಗಿರಲಿಲ್ಲ. ನಾನು ಹತ್ತಿರ ಹೋದಾಗ ಎದ್ದು ನಿಂತ.

"ಏನ್ ಮಾಡ್ಲಿ ಮೇಡಂ? ತಗಳ್ಳಾ?"

ಇದೇ ಪ್ರಶ್ನೆಯನ್ನು ನನ್ನ ತಮ್ಮ ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಇನ್ನೊಂದು ಸಂದರ್ಶನಕ್ಕೆ ಕಾಯಿ, ಅಂಕಪಟ್ಟಿ ಚೆನ್ನಾಗಿದೆ, ಒಂದು ಸಲ ಕಾವಲಿಗೆ ನಿಂತರೆ ಮುಂದಿನವರೂ ಅದನ್ನೇ ನೋಡುತ್ತಾರೆ ಎನ್ನುತ್ತಿದ್ದೆ. ಇದೆಲ್ಲ ನನಗೆ ಗೊತ್ತಿತ್ತು. ನಾನು ಹೇಳಿದ್ದು ಬೇರೆ.

"ತಗಳಪ್ಪ. ಒಳಗೆ ಕಾಲಿಟ್ಟಂಗೆ ಆಗ್ತತೆ. ಆರು ತಿಂಗ್ಳು ಕಳೆದ್ರೆ ಅವ್ರೇ ಟೆಕ್ನಿಷಿಯನ್ ಮಾಡ್ತಾರೆ."

ಹಾಗೆಂದು ನನಗೆ ಯಾರೂ ಹೇಳಿರಲಿಲ್ಲ. ಅವನು ನನ್ನ ಮುಖವನ್ನು ನೇರವಾಗಿ ನೋಡಿದ. ಅದನ್ನೂ ನಾನೇ ಕಲಿಸಿದ್ದು. ಆಮೇಲೆ, ಆಗಲಿ ಮೇಡಂ ಎಂದು ಒಳಗೆ ಹೋಗಿ ಸಹಿ ಹಾಕಿ ಬಂದ.

ಅವನು ಸೇರಿದ ಮೇಲೆ ತಿಂಗಳಿಗೊಮ್ಮೆ ಫೋನ್ ಮಾಡುತ್ತಿದ್ದೆ. ಇದ್ದಾನೋ ಇಲ್ಲವೋ ಎಂದು ಖಾತ್ರಿ ಮಾಡಿಕೊಂಡು ವರದಿಯಲ್ಲಿ ಬರೆಯುವುದೂ ನನ್ನ ಕೆಲಸವೇ. ಗಾಳಿ ಜೋರು, ಸ್ವೆಟರು ಸಾಲುವುದಿಲ್ಲ, ಊಟ ಪರವಾಗಿಲ್ಲ ಎನ್ನುತ್ತಿದ್ದ. ಒಂದು ಸಲ ಯಂತ್ರದ ಕೆಳಗಿನ ಪ್ಯಾನಲ್ ತೆರೆದಿದ್ದಾಗ ನೋಡಲು ಹೋದೆ, ಗೇಟ್ ಬಿಟ್ಟು ಬಂದೆ ಎಂದು ಬಯ್ದರು ಎಂದ. ಬಯ್ದವರು ಯಾರು ಎಂದರೆ ಹೇಳಲಿಲ್ಲ. ಎರಡನೇ ತಿಂಗಳ ಕೊನೆಗೆ, ಬಿಟ್ಟುಬಿಡಲೇ ಎಂದು ಕೇಳಿದ. ನಾನು ಗಾಬರಿಯಾಗಿ, ಮೂರು ತಿಂಗಳು ಒಂದು ತುಂಬಲಿ, ಆಮೇಲೆ ನೋಡೋಣ ಎಂದುಬಿಟ್ಟೆ. ಸರಿ ಎಂದ.

ಮೂರು ತಿಂಗಳು ತುಂಬಿದ ದಿನ ಅವನ ಹಾಜರಾತಿ ಪತ್ರ ವಾಟ್ಸಾಪ್‌ಗೆ ಬಂತು. ನಾನು ಕೇಳಿರಲಿಲ್ಲ, ಅವನೇ ಬರೆಸಿಕೊಂಡು ಕಳಿಸಿದ್ದ. ಮಾರನೇ ವಾರ ಅವನ ಕಚೇರಿಗೆ ಫೋನ್ ಮಾಡಿದರೆ ವ್ಯವಸ್ಥಾಪಕರು, ನಿಮ್ಮ ಹುಡುಗ ಹೇಳದೆ ಕೇಳದೆ ಬಿಟ್ಟು ಹೋದ ಎಂದು ನನ್ನನ್ನೇ ತರಾಟೆಗೆ ತೆಗೆದುಕೊಂಡರು.

ಅವನು ಎಲ್ಲಿದ್ದಾನೆ ಎಂದು ಹೇಳಿದವರು ಮತ್ತೆ ಅವನ ಅತ್ತಿಗೆಯೇ. ಹೊಸದುರ್ಗದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ ಸೇರಿದ್ದ. ಒಂದು ಶನಿವಾರ ಮಧ್ಯಾಹ್ನ ಹೋದೆ. ಅಂಗಡಿಯ ಮುಂದೆ ಸುಟ್ಟ ಬೋರ್‌ವೆಲ್ ಮೋಟರುಗಳು ಸಾಲಾಗಿ ಬಿದ್ದಿದ್ದವು. ಅವನು ಸ್ಟೂಲಿನ ಮೇಲೆ ಕೂತು, ಮೋಟರಿನ ಸೀಳುಗಳಿಗೆ ತಾಮ್ರದ ತಂತಿ ಇಳಿಸುತ್ತಿದ್ದ. ಅಂಗಡಿಯ ಯಜಮಾನರು ಅರವತ್ತು ದಾಟಿದವರು. ಇವನನ್ನು ಹೇಗೆ ತೆಗೆದುಕೊಂಡಿರಿ, ಏನು ಕೇಳಿದಿರಿ ಎಂದು ಅವರನ್ನು ವಿಚಾರಿಸಿದೆ. ನನ್ನ ಕಸುಬಿನ ಚಟ. ಏನೂ ಕೇಳಲಿಲ್ಲ, ಸುಟ್ಟದ್ದೊಂದನ್ನು ಮುಂದಿಟ್ಟು ಬಿಚ್ಚು ಅಂದೆ, ಬಿಚ್ಚುವ ಕೈ ನೋಡಿದರೆ ಗೊತ್ತಾಗುತ್ತದಲ್ಲ ಎಂದು ಅವರು ಟೀ ತರಿಸಲು ಎದ್ದು ಹೋದರು.

ನಾವಿಬ್ಬರೇ ಉಳಿದೆವು. ಅವನು ಕೈಯ ಕೆಲಸ ನಿಲ್ಲಿಸಿರಲಿಲ್ಲ. ಆ ದಿನ ಮೆಟ್ಟಿಲ ಮೇಲೆ ನಾನು ಹೇಳಿದ್ದು ನಿನ್ನ ಒಳ್ಳೆಯದಕ್ಕಲ್ಲ, ನನ್ನ ಕರಾರಿಗಾಗಿ ಎಂದೆ. ಹೇಳುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅಭ್ಯಾಸ ಮಾಡಿಕೊಂಡು ಬಂದಿದ್ದೆ, ಆದರೂ ತಡವರಿಸಿದೆ.

"ಗೊತ್ತಿತ್ತು ಮೇಡಂ" ಎಂದ. "ಹದ್ನಾರು ಆಗ್ಬೇಕು ಅಂತ ಸಾರು ನಿಮ್ಗೆ ಅಂತಿದ್ದಿದ್ದು ಕ್ಲಾಸಿಗೆಲ್ಲ ಕೇಳಿಸ್ತಿತ್ತು. ಅದ್ಕೇ ಮೂರ್ ತಿಂಗ್ಳು ಇದ್ದೆ."

ತಂತಿಯ ತುದಿಯನ್ನು ಹಲ್ಲಿನಿಂದ ಎಳೆದು ಬಿಗಿ ಮಾಡಿದ.

"ನಿಮ್ದು ಆತಾ ಮೇಡಂ?"

"ಆತಪ್ಪ. ಇನ್ನೊಂದು ವರ್ಷಕ್ಕೆ."

"ಆಗ್ಲಿ ಬಿಡ್ರಿ" ಎಂದು ಅವನು ಮುಂದಿನ ಸೀಳಿಗೆ ತಂತಿ ಇಳಿಸಿದ.

ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡಿದ್ದರೆ ನಾನೂ ಏನಾದರೂ ಹೇಳಿಕೊಂಡು ಹಗುರಾಗುತ್ತಿದ್ದೆ. ಯಜಮಾನರು ತರಿಸಿದ ಟೀ ಕುಡಿದು ಬಸ್ ನಿಲ್ದಾಣಕ್ಕೆ ಬಂದೆ. ಹೊಳಲ್ಕೆರೆಯ ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅದರ ಕಂಡಕ್ಟರು ಹತ್ತುತ್ತೀರ ಇಲ್ಲವಾ ಎಂದು ಎರಡು ಸಲ ಕೇಳಿದ ಮೇಲೆ ಎದ್ದೆ.